ಕೌದಿ ಕಟ್ಟಿದ ಗೋಡೆ

ನನಗೆ ಕೇಳಿಸುವುದು ಬಲಗಿವಿಯಲ್ಲಿ ಮಾತ್ರ. ಎಡಗಿವಿಯನ್ನು ನನ್ನ ಗಂಡ ಹೊಡೆದು ಕೆಡಿಸಿದ. ಹೊಡೆದದ್ದು ಒಂದೇ ಏಟು, ಆದರೆ ಹೊಡೆದದ್ದು ಕರಡಿ ಬಾರಿಸುವ ಕೈ. ನಮ್ಮ ಬೈಲಹೊಂಗಲ ಕಡೆ ಕರಡಿ ಅಂದರೆ ಕೊರಳಿಗೆ ಹಾಕಿಕೊಂಡು ಬಾರಿಸುವ ದೊಡ್ಡ ಚರ್ಮವಾದ್ಯ. ಅದಕ್ಕೆ ಸನಾದಿ, ತಾಳ ಕೂಡಿದರೆ ಕರಡಿ ಮಜಲು. ಹೊಲದಲ್ಲಿ ದುಡಿಯುವವರೇ ಬಾರಿಸುತ್ತಾರೆ. ಎರಡು ಊರಿನ ಮೇಳಗಳು ಎದುರುಬದುರು ನಿಂತು ಒಬ್ಬರು ಬಾರಿಸಿದ್ದನ್ನು ಇನ್ನೊಬ್ಬರು ಬಾರಿಸಿ ತೋರಿಸಬೇಕು. ಅದಕ್ಕೆ ಸವಾಲು ಅನ್ನುತ್ತಾರೆ.

ಬರವಣಿಗೆಯಲ್ಲಿ ಗಂಡನಿಗೆ ಅವರು, ಇವರು ಅನ್ನಬೇಕಂತೆ. ಎದುರಿಗೆ ರೀ ಅನ್ನುತ್ತೇನೆ, ಸಾಕು. ಇಲ್ಲಿ ಅವನು ಅಂತಲೇ ಬರೆಯುತ್ತೇನೆ.

ಅವತ್ತು ರಾಮದುರ್ಗದ ಕಡೆ ಒಂದು ಸವಾಲಿನಲ್ಲಿ ಸೋತು ಬಂದಿದ್ದ. ಉಣ್ಣಲು ಕೂತವನು ತಾಟನ್ನು ಮುಂದಕ್ಕೆ ನೂಕಿದ.

“ರೊಟ್ಟಿ ತಣ್ಣಗ ಅದಾವು.”

“ಸೋತು ಬಂದ ಕೈಗೆ ಬಿಸಿ ರೊಟ್ಟಿ ಸುಡತಾವು. ತಣ್ಣಗ ಇರಲಿ ಬಿಡ್ರಿ” ಅಂದೆ.

ಕಣ್ಣಿಗೆ ಕತ್ತಲೆ ಬಂತು. ಕಿವಿಯಿಂದ ರಕ್ತ ಇಳಿದು ಕುಪ್ಪಸ ನೆನೆಯಿತು. ಸವದತ್ತಿಯಲ್ಲಿ ಕಿವಿ ನೋಡುವ ಡಾಕ್ಟರು, “ಬಿದ್ದಿರೇನು?” ಎಂದು ಕೇಳಿದರು. “ಹೂನ್ರಿ, ಗಂಡನ ಕೈಯಾಗ ಬಿದ್ದೆ” ಅಂದೆ. ಅವರು ತಲೆ ಎತ್ತಲಿಲ್ಲ. ಒಳಗಿನ ಪರದೆ ಹರಿದಿದೆ, ತಡ ಆಗಿದೆ ಅಂದರು. ನಾವು ಬಸ್ಸಿಗೆ ಮನೆಗೆ ಬಂದೆವು. ನಾನು ರೊಟ್ಟಿ ಬಡಿದೆ. ಅವನು ಬಿಸಿಯಾಗಿ ತಿಂದ.

ಒಂದು ಕಿವಿ ಹೋದರೆ ಅರ್ಧ ಕೇಳಿಸುತ್ತದೆ ಅಂತ ಮಂದಿ ತಿಳಿದಿದ್ದಾರೆ. ಹಾಗಲ್ಲ. ಬಯಲಿನಲ್ಲಿ ಎಲ್ಲ ಕೇಳಿಸುತ್ತದೆ. ಮಣ್ಣಿನ ಮನೆಯಲ್ಲೂ ಕೇಳಿಸುತ್ತದೆ. ಆದರೆ ಸಪ್ಪಳ ಗೋಡೆಗೆ ಬಡಿದು ತಿರುಗಿ ಬರುವ ಜಾಗದಲ್ಲಿ ಒಂದು ಕಿವಿಯವಳಿಗೆ ಏನೂ ತಿಳಿಯುವುದಿಲ್ಲ. ಮಾತಿನ ಮೇಲೆ ಮಾತು ಬಿದ್ದು, ಯಾವುದು ಬಾಯಿಂದ ಬಂದದ್ದು, ಯಾವುದು ಗೋಡೆಯಿಂದ ಬಂದದ್ದು ಗೊತ್ತಾಗದೆ ತಲೆಯಲ್ಲಿ ಕಲ್ಲು ಕುಟ್ಟಿದಂತಾಗುತ್ತದೆ. ಎರಡು ಕಿವಿ ಇದ್ದವರು ಅದನ್ನು ಬೇರೆ ಮಾಡಿಕೊಳ್ಳುತ್ತಾರೆ. ನನ್ನಿಂದ ಆಗುವುದಿಲ್ಲ.

ನನ್ನ ಗಂಡನಿಗೆ ತಿರುಗಿ ಬರುವ ಸಪ್ಪಳವೇ ಬೇಕು. ಅದರ ಹುಚ್ಚು ಅವನಿಗೆ ಹತ್ತಿದ್ದು ನನ್ನ ತವರಿನಲ್ಲಿ. ನನ್ನ ತವರು ತೊರಗಲ್. ಅಲ್ಲಿಯ ಕೋಟೆಯ ಬಾಗಿಲು ಕಲ್ಲಿನದು, ಮೇಲೆ ಕಮಾನು. ಮದುವೆಯ ದಿಬ್ಬಣ ಆ ಬಾಗಿಲಿನೊಳಗೆ ಬಂದಾಗ ಮದುಮಗನೇ ಕರಡಿ ಕಿತ್ತುಕೊಂಡು ಕೊರಳಿಗೆ ಹಾಕಿಕೊಂಡ. ಒಂದು ಏಟು ಹೊಡೆದರೆ ಹತ್ತು ಮಂದಿ ಹೊಡೆದಂತೆ ಕಲ್ಲು ಗುಡುಗಿತು. ಎತ್ತು ಬೆದರಿ ಚಕ್ಕಡಿಯ ಮೂಕಿ ಮುರಿದು ನಮ್ಮ ಸೋದರಮಾವನ ಕಾಲು ಮುರಿಯಿತು. ಮದುಮಗ ನಿಲ್ಲಿಸಲಿಲ್ಲ. ಮಾವ ಕೆಳಗೆ ಬಿದ್ದು ಒದ್ದಾಡುತ್ತಿದ್ದರೆ ಇವನು ಕಣ್ಣು ಮುಚ್ಚಿ ಬಾರಿಸುತ್ತಿದ್ದ. ಆಗಲೇ ನಾನು ತಿಳಿದುಕೊಳ್ಳಬೇಕಿತ್ತು. ಅಕ್ಷತೆ ಬಿದ್ದು ಹೋಯಿತು.

ನಮ್ಮ ಊರು ಸಂಗೊಳ್ಳಿಗೆ ಹತ್ತಿರ. ಗುಡಿಯ ಮಗ್ಗುಲಿಗೆ ಹಳೆಯ ಚಾವಡಿ ಇತ್ತು. ಮೊಳದಪ್ಪ ಮಣ್ಣಿನ ಗೋಡೆ, ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು, ಕೆಳಗೆ ಸಗಣಿ ಸಾರಿಸಿದ ನೆಲ. ಸೋಮವಾರ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಭಜನೆ. ಹಾಡುವವಳು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು ಹತ್ತಿ ಹಿಂಜಿ ಗಾದಿ ಮಾಡುವ ಪಿಂಜಾರ ಕಾಕಾ. ನೆಗೆಣ್ಣಿಯ ಕಂಠ ಇಂಪಿಲ್ಲ. ಒರಟು. ಆದರೆ ಒಂದೊಂದು ಮಾತನ್ನೂ ಕಡಿದು ಇಡುತ್ತಾಳೆ. ತತ್ವಪದದಲ್ಲಿ ಮಾತು ಹೋದರೆ ಏನು ಉಳಿಯಿತು? ಆ ಮಣ್ಣಿನ ಗೋಡೆ ಅವಳ ಮಾತನ್ನು ನನ್ನ ಕಿವಿಗೆ ಮುಟ್ಟಿಸಿ ಉಳಿದ ಸಪ್ಪಳವನ್ನೆಲ್ಲ ನುಂಗಿ ಸುಮ್ಮನಿರುತ್ತಿತ್ತು. ಕಂಬಕ್ಕೆ ಎಡಗಿವಿ ಒತ್ತಿ, ಬಲಗಿವಿ ಅವಳ ಕಡೆ ಮಾಡಿ ಕೂಡುತ್ತಿದ್ದೆ. ವಾರದಲ್ಲಿ ನನಗೆ ಎಲ್ಲವೂ ಕೇಳಿಸುತ್ತಿದ್ದದ್ದು ಅಲ್ಲಿ ಮಾತ್ರ. ಮನೆಯಲ್ಲಿ ಕೇಳುವಂಥದ್ದು ಏನೂ ಇರಲಿಲ್ಲ.

ಆ ಚಾವಡಿಯನ್ನು ಕೆಡವಿದರು. ಸಮುದಾಯ ಭವನ ಬೇಕಂತೆ. ಜೆಸಿಬಿ ಬಂದು ಚಾವಡಿಯ ಎದೆಗೆ ಹಲ್ಲು ಇಟ್ಟಿತು. ಜಂತಿ ಮುರಿದವು, ನಾನು ಒರಗುತ್ತಿದ್ದ ಕಂಬವನ್ನು ಬುಡಸಮೇತ ಕಿತ್ತು ಎಸೆದರು. ಗೋಡೆ ಮಾತ್ರ ಸುಲಭಕ್ಕೆ ಬೀಳಲಿಲ್ಲ. ಗುದ್ದಿ ಗುದ್ದಿ ಕೆಡವಿದರು.

ಹೊಸ ಭವನದ ಸ್ಲ್ಯಾಬ್ ಒಣಗಿ ಕೆಳಗಿನ ಹಲಗೆ ಬಿಚ್ಚಿದ ದಿವಸ ಊರ ಹಿರಿಯರೆಲ್ಲ ಒಳಗೆ ನಿಂತರು. ಭವನ ಕಟ್ಟುವ ಕಮಿಟಿಯ ಹಿರಿಯ ಊರ ಗೌಡ. ಹೊಸ ಕಟ್ಟಡದಲ್ಲಿ ಮೊದಲ ಸಪ್ಪಳ ಕರಡಿಯದೇ ಆಗಬೇಕು ಅಂತ ಮೇಳವನ್ನು ಕರೆಸಿದ. ನನ್ನ ಗಂಡ ಬಾರಿಸಿದ. ಖಾಲಿ ಭವನ, ಬರೀ ಸಿಮೆಂಟು. ಸಪ್ಪಳ ಮೇಲೆ ಬಡಿದು, ಕೆಳಗೆ ಬಡಿದು, ಬಾಗಿಲಲ್ಲಿ ನಿಂತ ನಮ್ಮ ಎದೆಗೂಡಿನೊಳಗೆ ಹೊಕ್ಕಿತು. ಒಂದು ಕೂಸು ಉಸಿರು ಕಟ್ಟಿ ಅತ್ತಿತು. ಗಂಡಸರು ಟೋಪಿ ತೂರಿದರು.

“ಭೇಷ್! ಇದಪಾ ಗುಡುಗು ಅಂದರ!” ಅಂದ ಗೌಡ. “ಸಾಹೇಬ್ರ, ಹಿಂಗ ಇರಬೇಕು ನೋಡ್ರಿ. ಇದರಾಗ ಏನೂ ಬದಲ ಮಾಡಬ್ಯಾಡ್ರಿ.”

ಸಾಹೇಬ ಅಂದರೆ ಕಿತ್ತೂರಿನಿಂದ ಬರುತ್ತಿದ್ದ ಇಂಜಿನಿಯರ್ ಹುಡುಗ. ಅವನು ತಿಳಿದವನೇ. ನಕ್ಷೆಯಲ್ಲಿ ಸೂರಿನ ಕೆಳಗೆ ಸಪ್ಪಳ ನುಂಗುವ ಮೆತ್ತನೆಯ ಹಲಗೆಯ ಇನ್ನೊಂದು ಸೂರು ಬರೆದಿದ್ದ.

“ಗೌಡ್ರ, ಇದು ಖಾಲಿ ಇದ್ದಾಗ ಛಲೋ ಅನಸ್ತೈತ್ರಿ. ನಾಳೆ ಮೈಕ್ ಹಚ್ಚಿದರ, ಮಾತಾಡಿದರ, ಎಲ್ಲಾ ಕಲಸಿ ಗಂಜಿ ಆಕ್ಕೈತಿ. ಒಮ್ಮೆ ಯಾರರೆ ಹಾಡ್ರಿ, ಅದನ್ನೂ ಕೇಳೂಣು.”

“ಗುಡುಗಿನ ಬಾಯಾಗ ಅರಿವಿ ತುರಕಾಕ ಬಂದೀರೇನು?” ಅಂದ ನನ್ನ ಗಂಡ. ಎಲ್ಲರೂ ನಕ್ಕರು. ಯಾರೂ ಹಾಡಲಿಲ್ಲ. ಮೆತ್ತನೆಯ ಸೂರು ಬಿಟ್ಟು, ಅದರ ಬದಲಿಗೆ ಗೋಡೆಗೆ ಆಳೆತ್ತರದವರೆಗೆ ಟೈಲ್ಸ್ ಹಚ್ಚಿಸಿದರು. ಹೊಳೆಯುತ್ತದೆ, ಒರೆಸಿದರೆ ಸ್ವಚ್ಛ, ಸಪ್ಪಳವೂ ಖಣಖಣ ಅನ್ನುತ್ತದೆ ಅಂತ. ಬಚ್ಚಲಿಗೆ ಹಚ್ಚುವಂಥದ್ದೇ.

ಅಲ್ಲಿಯ ಮೊದಲ ಭಜನೆಯ ದಿನ ನೆಗೆಣ್ಣಿ ಒಂದು ಸಾಲು ಎತ್ತಿದಳು. ಎರಡನೆಯ ಸಾಲು ಹಾಡುವಾಗ ಮೊದಲನೆಯದು ಇನ್ನೂ ಸೂರಿನಲ್ಲಿ ತಿರುಗುತ್ತಿತ್ತು. ಪೇಟಿ ನಾಯಿ ಊಳಿಟ್ಟಂತೆ ಕೇಳಿಸಿತು. ತಾಳದ ಒಂದು ಏಟಿಗೆ ಟೈಲ್ಸು ಟಿರ್ರೆಂದು ಉತ್ತರ ಕೊಟ್ಟವು. ನಾನು ಜಾಗ ಬದಲಿಸಿದೆ, ಗೋಡೆಗೆ ಕೂತೆ, ಮುಂದೆ ಕೂತೆ, ಅವಳ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತೆ. ಬಾಯಿ ಅಲುಗುವುದು ಕಾಣುತ್ತಿತ್ತು, ಮಾತು ಇಲ್ಲ. ಇನ್ನೊಂದು ಏಟು ತಿಂದು ಬಲಗಿವಿಯೂ ಹೋದಂತೆ ಅನ್ನಿಸಿತು.

ನೆಗೆಣ್ಣಿ ನಡುವೆಯೇ ನಿಲ್ಲಿಸಿದಳು. ತಾಳವನ್ನು ಬಾಗಿಲ ಕಡೆಗೆ ಒಗೆದಳು. ಬಾಗಿಲಲ್ಲಿ ನನ್ನ ಗಂಡ ನಿಂತಿದ್ದ.

“ಯಾಕ್ರಿ ವೈನಿ, ದನಿ ಸೋತಿತೇನು?”

“ದನಿ ಸೋತಿಲ್ಲ ಮೈದುನ. ನಿಮ್ಮ ಗ್ವಾಡಿ ನನಗ ಎದುರು ವಾದಸಾಕ ಹತ್ತೈತಿ. ಗಂಡಸರು ಕಟ್ಟಿದ್ದಲ್ಲೇನು, ಅದಕ್ಕೂ ಹೆಂಗಸರ ಮಾತು ಕೇಳೂ ರೂಢಿ ಇಲ್ಲ.”

ಆ ಮೇಲೆ ಇಂಜಿನಿಯರ್ ಅಳತೆಗೆ ಬಂದಾಗ ನಾನೇ ಅವನನ್ನು ನಿಲ್ಲಿಸಿ ಕೇಳಿದೆ. “ತಮ್ಮಾ, ಈ ಸಪ್ಪಳ ಕೊಲ್ಲೂದು ಹೆಂಗೋ?”

“ಆಯೀ, ಮಂದಿ ತುಂಬಿದರ ಅವರ ಮೈ ಸಪ್ಪಳಾ ಒಂದಿಷ್ಟು ಕುಡೀತೈತ್ರಿ. ನೀವು ಇರೂದ ನಾಕು ಮಂದಿ. ದಪ್ಪ ಅರಿವಿ ಕಟ್ರಿ. ಗ್ವಾಡಿಗೆ ಅಂಟಿಸಬ್ಯಾಡ್ರಿ, ಒಂದು ಗೇಣು ಬಿಟ್ಟು ಇಳಿಬಿಡ್ರಿ. ಎಷ್ಟು ದಪ್ಪ ಇದ್ದರ ಅಷ್ಟು ಛಲೋ.”

ದಪ್ಪ ಅರಿವೆ ಅಂದರೆ ನಮ್ಮಲ್ಲಿ ಕೌದಿ. ಹಳೆಯ ಸೀರೆ ಧೋತರ ಪದರ ಪದರ ಇಟ್ಟು ಹೊಲಿದದ್ದು. ಭಜನೆಯ ಹೆಂಗಸರು ಮನೆಮನೆಗೆ ಹೋಗಿ ಕೇಳಿದೆವು. ಹಳೆಯವು ಬಂದವು, ಸಾಲದ್ದಕ್ಕೆ ನಾವೇ ಕೂತು ಹೊಸವು ಹೊಲಿದೆವು. ಕೌದಿ ಮುಗಿಸುವಾಗ ನಮ್ಮ ಕಡೆ ಒಂದು ಪದ್ಧತಿ. ನಡುವೆ ಅಂಗೈಯಷ್ಟು ಜಾಗ ಬಿಟ್ಟಿರುತ್ತೇವೆ, ಅದು ಕೌದಿಯ ಹೊಟ್ಟೆ. ಅದರೊಳಗೆ ಹೋಳಿಗೆಯದೋ ರೊಟ್ಟಿಯದೋ ಚೂರು ಇಟ್ಟು ಹೊಲಿಗೆ ಹಾಕುತ್ತೇವೆ. ಹಸಿದ ಕೌದಿಯನ್ನು ಯಾರೂ ಹೊದೆಯುವುದಿಲ್ಲ, ಅದರ ಮೇಲೆ ಕೂಸು ಮಲಗಿಸುವುದಿಲ್ಲ. ಈ ಹೊಸ ಕೌದಿ ಹೊದೆಯುವುದಕ್ಕಲ್ಲ, ಗೋಡೆಗೆ. ಆದರೂ ಹಸಿದದ್ದನ್ನು ತೂಗು ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ಹೋಳಿಗೆ ಮಾಡಿ ಎಲ್ಲಕ್ಕೂ ಹೊಟ್ಟೆ ತುಂಬಿಸಿದೆವು. ತುಪ್ಪ ಹಚ್ಚಿದ ಹೋಳಿಗೆ.

ಬಿದಿರಿನ ಗಳಕ್ಕೆ ಪೋಣಿಸಿ ಸುತ್ತಲೂ ಇಳಿಬಿಟ್ಟೆವು. ಮುಂದಿನ ಸೋಮವಾರ ನೆಗೆಣ್ಣಿ ಬಾಯಿ ತೆರೆದಳು, ಮಾತು ಬಂತು. ಚಾವಡಿಯಷ್ಟು ಅಲ್ಲ, ಮೇಲಿನ ಸೂರು ಇನ್ನೂ ಗೊಣಗುತ್ತಿತ್ತು. ಆದರೆ ನನ್ನ ಒಂದು ಕಿವಿಗೆ ಸಾಕಾಯಿತು.

ಕರಡಿ ಮೇಳದವರ ಮೈಗೆ ಬೆಂಕಿ ಬಿದ್ದಂತಾಯಿತು. “ಗಾದಿ ಬಡದಂಗ ಕೇಳಸ್ತೈತಿ” ಎಂದು ದಿನಾ ಜಗಳ. ಅವರ ಕರಡಿಗಳು ಭವನದ ಹಿಂದಿನ ಕೋಣೆಯಲ್ಲಿ ಇರುತ್ತಿದ್ದವು. ಬಾರಿಸುವ ದಿನ ಕೌದಿಗಳನ್ನು ಕಿತ್ತು ಮೂಲೆಗೆ ಎಸೆಯುತ್ತಿದ್ದರು, ಮರುದಿನ ನಾವು ಬೈಯುತ್ತ ಮತ್ತೆ ಕಟ್ಟುತ್ತಿದ್ದೆವು.

ಆಗ ತೊರಗಲ್ಲಿನ ಮೇಳ ನಮ್ಮೂರಿಗೆ ಸವಾಲಿಗೆ ಬರುವುದಿತ್ತು. ಅವರು ಬರುವ ಹಿಂದಿನ ದಿನ ಮುಂಜಾನೆ ನನ್ನ ಗಂಡ ಕರಡಿ ತೆಗೆಯಲು ಹೋದ. ಮನುಷ್ಯ ಹಾಗೆ ಒದರುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಬಾವಿಯಿಂದ ನೀರು ತರುತ್ತಿದ್ದವಳು ಕೊಡ ಇಳಿಸಿ ಓಡಿದೆ.

ಎಲ್ಲ ಕರಡಿಯ ತೊಗಲನ್ನೂ ಇಲಿ ತಿಂದಿದ್ದವು. ಕೈ ಹೋಗುವಷ್ಟು ತೂತು. ಒಂದು ಕರಡಿಯ ತೂತಿನಲ್ಲಿ ಕೈ ಹಾಕಿಕೊಂಡೇ ಅವನು ಭವನದೊಳಗೆ ಬಂದು ಗೋಡೆಯ ಕಡೆ ನೋಡಿದ. ಕೌದಿಗಳ ನಡುವೆಯೂ ತೂತು. ಹೊಟ್ಟೆಗೇ ಬಾಯಿ ಹಾಕಿದ್ದವು. ಹೋಳಿಗೆಯ ವಾಸನೆಗೆ ಬಂದ ಇಲಿ ಅದನ್ನು ಮುಗಿಸಿ ತೊಗಲಿಗೆ ಹೋಗಿದ್ದವು. ನೆಲದ ಮೇಲೆ ಹೂರಣದ ಪುಡಿ ಬಿದ್ದಿತ್ತು.

“ನೀವ, ನೀವ ಇಲಿ ಸಾಕೀರಿ! ನನ್ನ ಕರಡಿ ಕೊಲ್ಲಾಕ ಹೋಳಿಗಿ ಇಟ್ಟೀರಿ!”

“ಹೋಳಿಗಿ ಕೌದಿಗೆ ಇಟ್ಟೇವ್ರಿ. ಇಲಿಗೆ ಯಾರು ಹೇಳಿ ಕಳಿಸಿದ್ದರು?” ಅಂದೆ.

ಅವನು ಸೊಂಟಕ್ಕೆ ಸಿಕ್ಕಿಸಿದ್ದ ಕುಡಗೋಲು ಎಳೆದ. ಜೋಳ ಕೊಯ್ಯುವ ಹಾಗೆ ಕೌದಿ ಕೊಯ್ಯತೊಡಗಿದ. ಒಂದೊಂದಕ್ಕೂ ಹೊಟ್ಟೆಗೇ ಹಾಕಿದ. ಹರಿದ ಹೊಟ್ಟೆಯಿಂದ ಇಲಿ ತಿಂದುಳಿದ ಒಣ ಚೂರು ಉದುರಿದವು. ನೆರೆದ ಹೆಂಗಸರು ಕಿರುಚಿದರು. ಕೌದಿಯ ಹೊಟ್ಟೆ ಸೀಳುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ. ಹಳೆಯದಾದರೆ ಹೊಲಿಗೆ ಬಿಚ್ಚುತ್ತೇವೆ, ಕತ್ತಿ ಹಾಕುವುದಿಲ್ಲ.

ನೆಗೆಣ್ಣಿ ಅವನ ಅಂಗಿಯ ಕೊರಳಪಟ್ಟಿ ಹಿಡಿದಳು. ಅವನು ಕೊಡವಿದ. ಅವಳ ತಲೆ ಗೋಡೆಗೆ ಬಡಿಯಿತು. ಟೈಲ್ಸ್ ಒಡೆಯಿತು, ತಲೆಯೂ ಒಡೆಯಿತು. ರಕ್ತ ಹೊಳೆಯುವ ಗೋಡೆಯ ಮೇಲೆ ನಿಲ್ಲದೆ ಜಾರಿ ಕೆಳಗೆ ಬಂತು. ಅರ್ಧ ಕೌದಿ ಬಿದ್ದಿದ್ದರಿಂದ ಅವಳ ಕೂಗು ಸುತ್ತಲೂ ತಿರುಗಿ ಬಂತು, ಊರ ಹೆಂಗಸರೆಲ್ಲ ಒಟ್ಟಿಗೆ ಹೊಡೆತ ತಿಂದ ಹಾಗೆ.

ಆ ಮೇಲೆ ಯಾರು ಯಾರನ್ನು ಹೊಡೆದರು ಹೇಳಲಾಗದು. ಮೇಳದವರು ಒಳಗೆ ನುಗ್ಗಿದರು, ಹೆಂಗಸರು ಗಳ ಕಿತ್ತುಕೊಂಡರು. ಪಿಂಜಾರ ಕಾಕಾ ಪೇಟಿಯ ಮೇಲೆ ಬೋರಲು ಬಿದ್ದು, “ಹೊಡೀರಿ, ನನ್ನ ಹೊಡೀರಿ, ಪೇಟಿ ಬಿಡ್ರಿ!” ಎಂದು ಕೂಗುತ್ತಿದ್ದ. ಎರಡನ್ನೂ ಬಿಡಲಿಲ್ಲ. ಪೇಟಿಯ ಮೇಲೆ ಬೆರಳಾಡುವ ಬಿಳಿ ಮನೆಗಳು ಹಲ್ಲಿನ ಹಾಗೆ ನೆಲದ ತುಂಬ ಚೆಲ್ಲಿದವು. ಯಾರದೋ ನಿಜವಾದ ಹಲ್ಲೂ ಅದರೊಳಗೆ ಇತ್ತು.

ನನ್ನ ಗಂಡ ಇನ್ನೂ ಕೊಯ್ಯುತ್ತಿದ್ದ. ಭವನದ ಸಿಮೆಂಟು ಕಂಬದ ಮಗ್ಗುಲಿನ ದೊಡ್ಡ ಕೌದಿ ಒಂದೇ ಉಳಿದಿತ್ತು. ಅದು ಹೋದರೆ ಮುಂದೆ ಯಾರೂ ಕಟ್ಟುವುದಿಲ್ಲ, ನಾನು ಸಾಯುವ ತನಕ ಗಂಜಿಯನ್ನೇ ಕೇಳಬೇಕು ಅನ್ನುವುದು ನನಗೆ ಆಗ ಚೆನ್ನಾಗಿ ತಿಳಿದಿತ್ತು. ಗಳ ಎತ್ತಿದೆ. ತಲೆಗೆ ಹೊಡೆಯಬಹುದಿತ್ತು. ಹೊಡೆಯಲಿಲ್ಲ. ಬಲಗೈಯ ಮಣಿಕಟ್ಟಿಗೆ ಹೊಡೆದೆ. ನೋಡಿ ಹೊಡೆದೆ. ಒಣಕಟ್ಟಿಗೆ ಮುರಿದ ಸಪ್ಪಳ ಬಂತು. ಅದು ಎದುರಿನ ಬೋಳುಗೋಡೆಗೆ ಹೋಗಿ ತಿರುಗಿ ಬಂತು, ಎರಡು ಸಲ ಮುರಿದಂತೆ ಕೇಳಿಸಿತು. ಕುಡಗೋಲು ಬಿತ್ತು.

“ಕೈ ಮುರದೆಲ್ಲಲೇ” ಅಂದ.

“ಕಿವಿ ಕೇಳಸೂದಿಲ್ರಿ” ಅಂದೆ.

ಗೌಡ ಬಂದು ಎಲ್ಲರನ್ನೂ ಹೊರಗೆ ದೂಡಿ ಭವನಕ್ಕೆ ಕೀಲಿ ಜಡಿದ. ಬೈಲಹೊಂಗಲದ ಆಸ್ಪತ್ರೆಗೆ ಒಂದೇ ಟೆಂಪೋದಲ್ಲಿ ಎರಡೂ ಪಾರ್ಟಿ ಹೋದೆವು. ನೆಗೆಣ್ಣಿಗೆ ಹೊಲಿಗೆ, ನನ್ನ ಗಂಡನಿಗೆ ಪ್ಲಾಸ್ಟರ್, ಕಾಕಾನ ಪಕ್ಕೆಲುಬಿಗೆ ಪಟ್ಟಿ. ಪೊಲೀಸರು ಬಂದು ಏನಾಯಿತು ಅಂತ ಕೇಳಿದರು. ಒಬ್ಬೊಬ್ಬರೂ ಬಿದ್ದೆವು ಅಂದೆವು. “ಎಲ್ಲಾರೂ ಒಂದ ಕಡೆ ಬಿದ್ದಿರೇನು?” ಅಂದರು. “ಟೈಲ್ಸ್ ಜಾರತಾವ್ರಿ” ಅಂದಳು ನೆಗೆಣ್ಣಿ.

ತೊರಗಲ್ಲಿನವರಿಗೆ ಸವಾಲು ಮುಂದೆ ಹಾಕಿದೆವು ಎಂದು ಹೇಳಿ ಕಳಿಸಿದರು. ಎಷ್ಟು ದಿನ ಹಾಗೆ ಹೇಳಲು ಬರುತ್ತದೆ? ಕೀಲಿ ತೆಗೆಯಲೇಬೇಕಾಯಿತು. ಭವನದ ಮೆಟ್ಟಿಲ ಮೇಲೆ ಊರು ಕೂಡಿತು. ಗೌಡ ಇಂಜಿನಿಯರನ್ನೂ ಕರೆಸಿದ್ದ.

“ಕೌದಿ ಬ್ಯಾಡ. ಭಜನಿ ಗುಡ್ಯಾಗ ಮಾಡ್ಕೋರಿ” ಅಂದ ಗೌಡ.

“ಗುಡಿನೂ ಕಲ್ಲಿಂದ” ಅಂದೆ ನಾನು. “ನನ್ನ ಚಾವಡಿ ಕಟ್ಟಿ ಕೊಡ್ರಿ, ಈಗ ಎದ್ದು ಹೋಗತೇನಿ.”

ಗೌಡ ಇಂಜಿನಿಯರ್ ಕಡೆ ತಿರುಗಿದ. ಇಂಜಿನಿಯರ್ ಹೇಳಿದ, ಧಾರವಾಡ ಹುಬ್ಬಳ್ಳಿಯ ದೊಡ್ಡ ಸಭಾಗೃಹಗಳಲ್ಲೂ ಇದೇ ಜಗಳವಂತೆ. ತಂಬೂರಿಯವರಿಗೆ ಒಂದು ನಮೂನೆ, ನಾಟಕದವರಿಗೆ ಒಂದು ನಮೂನೆ, ಡ್ರಮ್ಮಿನವರಿಗೆ ಒಂದು ನಮೂನೆ. “ತಂತಿ ಎಳದು ರಿಂಗ್ ಹಾಕಿ ಕೌದಿ ತೂಗ ಬಿಡ್ರಿ. ಭಜನಿಗೆ ಎಳೀರಿ, ಕರಡಿಗೆ ಮೂಲಿಗೆ ಸರಸ್ರಿ. ಗ್ವಾಡಿ ಒಂದ ಇರಲಿ, ಕೇಳವರು ತಮಗ ಬೇಕಾದಂಗ ಮಾಡ್ಕೋರಿ.”

ಅದಕ್ಕೆ ಎರಡೂ ಕಡೆಯವರು ತಲೆಯಾಡಿಸಿದರು. ಆದರೆ ಜಗಳ ಮುಗಿಯಲಿಲ್ಲ.

“ಹೊಟ್ಯಾಗ ತಿನಿಸು ಇಡಬಾರದು” ಅಂದ ನನ್ನ ಗಂಡ, ಪ್ಲಾಸ್ಟರ್ ಕೈಯನ್ನು ಕೊರಳಿಗೆ ಕಟ್ಟಿಕೊಂಡು. “ಇನ್ನೊಮ್ಮೆ ಇಲಿ ಬಂದರ ಭವನಕ್ಕ ಬೆಂಕಿ ಹಚ್ಚತೇನಿ.”

“ಹಸದ ಕೌದಿ ಯಾವ ಮನ್ಯಾಗ ನೋಡೀರಿ?” ನೆಗೆಣ್ಣಿ ಎದ್ದು ನಿಂತಳು. ತಲೆಯ ಪಟ್ಟಿಯಲ್ಲಿ ರಕ್ತದ ಕಲೆ ಇನ್ನೂ ಇತ್ತು. “ಹಚ್ಚರಿ ಬೆಂಕಿ. ನಾ ಒಳಗ ಕುಂತು ಹಾಡತೇನಿ.”

ಗಂಡಸರು ಎದ್ದರು. ಹೆಂಗಸರೂ ಎದ್ದರು. ಮತ್ತೆ ಗಳಕ್ಕೆ ಕೈ ಹೋಗುವುದರಲ್ಲಿತ್ತು. ಪಿಂಜಾರ ಕಾಕಾ ಕೂತಲ್ಲಿಂದಲೇ, ಪಕ್ಕೆ ಹಿಡಿದುಕೊಂಡು ಅಂದ, “ಯವ್ವಾ, ಹತ್ತಿ ಇಡ್ರಿ. ನಾ ಹಿಂಜಿ ಕೊಡತೇನಿ. ಇಲಿಗೆ ರುಚಿ ಇಲ್ಲ. ಸಪ್ಪಳಾ ಬಡದರ ಹತ್ತಿ ನುಂಗತೈತಿ. ಕೌದಿ ಹೊಟ್ಟಿಗೆ ದಿನಾ ಊಟ.”

ನೆಗೆಣ್ಣಿ ತಲೆಯ ಪಟ್ಟಿ ಸರಿಮಾಡಿಕೊಂಡು ಕೂತಳು. “ಆತು. ಸಪ್ಪಳಾನ ತಿನ್ನಲಿ” ಅಂದಳು. “ನಮ್ಮ ಮೈದುನ ಇರೂ ತನಕ ಅದಕ್ಕೇನು ಉಪವಾಸ ಬೀಳಂಗಿಲ್ಲ.”

ಸೀಳಿದ ಹೊಟ್ಟೆಗಳಿಗೆ ಹತ್ತಿ ತುಂಬಿ ಹೊಲಿದೆವು. ಹೊಲಿಗೆ ಗಂಟುಗಂಟಾಗಿ ಕಾಣುತ್ತದೆ. ಮುಚ್ಚಲು ಹೋಗಲಿಲ್ಲ, ಕಾಣಲಿ. ಗೌಡನ ಟೈಲ್ಸ್ ಹಾಗೇ ಇವೆ, ಒಡೆದದ್ದೊಂದು ಬಿಟ್ಟು. ಕೌದಿ ಎಳೆದರೆ ಮಾತು, ಮೂಲೆಗೆ ಸರಿಸಿದರೆ ಗುಡುಗು. ಕೂತು ಕೇಳುವವರ ಕಿವಿಗೆ ಕಟ್ಟಡ ಹೇಗಿರಬೇಕು ಅಂತ ಮೊದಲೇ ವಿಚಾರಿಸಿದ್ದರೆ ಇಷ್ಟು ಎಲುಬು ಮುರಿಯುತ್ತಿರಲಿಲ್ಲ. ನಮ್ಮನ್ನು ಕೇಳುವ ಪದ್ಧತಿ ಇರಲಿಲ್ಲ.

ತೊರಗಲ್ಲಿನವರು ಬಂದರು. ಕೌದಿ ಮೂಲೆಗೆ ಸರಿಸಿದೆವು, ಹೊಸ ತೊಗಲಿನ ಕರಡಿಗಳು ಗುಡುಗಿದವು. ನನ್ನ ಗಂಡ ಬಾರಿಸಲಿಲ್ಲ, ಕೂತು ನೋಡಿದ. ನಮ್ಮ ಮೇಳ ಸೋತಿತು. ಮನೆಗೆ ಬಂದು ಎಡಗೈಯಲ್ಲಿ ರೊಟ್ಟಿ ಮುರಿಯಲು ಹೋದ, ಆಗಲಿಲ್ಲ. ತಣ್ಣಗಿದೆ ಅನ್ನಲಿಲ್ಲ. ಮುರಿದು ಕೊಡು ಅಂತ ಕೇಳಲಿಲ್ಲ, ನಾನೂ ಕೊಡಲಿಲ್ಲ. ಹಾಲಿನಲ್ಲಿ ನೆನೆಸಿಕೊಂಡು ತಿಂದ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಮಣಿಕಟ್ಟು ಪೂರಾ ಮಡಚುವುದಿಲ್ಲ. ಕರಡಿ ಬೇರೆಯವರ ಕೊರಳಿಗೆ ಹೋಯಿತು. ಈಗ ಸೋಮವಾರ ಮನೆಯಲ್ಲಿ ಕೂಡಲಾಗದೆ ಅವನೂ ಭಜನೆಗೆ ಬರುತ್ತಾನೆ. ಮೊದಲ ಸಲ ಬಂದಾಗ ತಂತಿಯ ಮೇಲೆ ಕೌದಿ ಎಳೆಯುತ್ತಿದ್ದೆ. ಒಂದು ರಿಂಗ್ ಸಿಕ್ಕಿಕೊಂಡಿತು. ಅವನು ಎಡಗೈಯಿಂದ ಜಗ್ಗಿ ಬಿಡಿಸಿದ. ನಾನು ಮುಂದಿನ ಕೌದಿ ಎಳೆದೆ.

ಕಂಬದ ಹತ್ತಿರ ಹೋಗಿ ಕೂತೆ. ಅವನು ಬಂದು ನನ್ನ ಎಡಕ್ಕೆ ಕೂತ. ಏನೋ ಹೇಳಿದ. ಗದ್ದ ಅಲುಗಿದ್ದು ಕಣ್ಣಂಚಿನಲ್ಲಿ ಕಂಡಿತು. ಬೇಕಾಗಿದ್ದರೆ ತಿರುಗಿ ಬಲಗಿವಿ ಕೊಡಬಹುದಿತ್ತು. ಅಷ್ಟರಲ್ಲಿ ನೆಗೆಣ್ಣಿ ಪದ ಎತ್ತಿದ್ದಳು, ಮಾತು ಒಂದೊಂದೂ ಕಡಿದಿಟ್ಟ ಹಾಗೆ ಬರುತ್ತಿತ್ತು. ನಾನು ತಿರುಗಲಿಲ್ಲ.